ಲೆವಿ ಮನೆ ಕಟ್ಟಿದರು, ನಾನು ಸೀಟು ಕಳೆದುಕೊಂಡೆ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಏನೋ ಚುರುಕ್ ಎಂದಿತು. ಡೇನಿಯಲ್ ಲೆವಿ ಲಂಡನ್ನಿನ ಫುಟ್‌ಬಾಲ್ ಕ್ಲಬ್ಬು ಟೊಟೆನ್‌ಹ್ಯಾಮ್ ಬಿಟ್ಟ ದಿನ ನೀವು ಗ್ರೂಪಿನಲ್ಲಿ ಲಾಡು ಫೋಟೋ ಹಾಕಿದಿರಿ, ನಿಮ್ಮ ಗೆಳೆಯ ಸಿಟ್ಟಾಗಿ ಗ್ರೂಪ್ ಬಿಟ್ಟ. 24 ವರ್ಷದ ಚೇರ್ಮನ್ ಒಳ್ಳೆಯವನಾ ಕೆಟ್ಟವನಾ, ಇಬ್ಬರಲ್ಲಿ ಯಾರು ಸರಿ ಅಂತ ಕೇಳಿದ್ದೀರಿ. ನಂದೂ ಇದೇ ಕಥೆ. ವ್ಯತ್ಯಾಸ ಇಷ್ಟೇ, ನಿಮಗೆ ಗೆಳೆಯ ಮಾತ್ರ ಹೋದ. ನನಗೆ ಸೀಟೂ ಹೋಯಿತು.

ನಾನು ತಿಪಟೂರಿನವನು. 2007ರಲ್ಲಿ ಕಂಪನಿ ಆರು ತಿಂಗಳ ಕೆಲಸಕ್ಕೆ ಅಂತ ಲಂಡನ್ನಿಗೆ ಕಳಿಸಿತು, ಆ ಆರು ತಿಂಗಳು ಇನ್ನೂ ಮುಗಿದಿಲ್ಲ. ಬಾಡಿಗೆ ಕಡಿಮೆ ಅಂತ ಎಡ್ಮಂಟನ್‌ನಲ್ಲಿ ರೂಮು ಮಾಡಿದೆ. ಅಲ್ಲಿಂದ 279 ನಂಬರ್ ಬಸ್ಸು ಹೈ ರೋಡಿನಲ್ಲಿ ಹಳೆಯ ವೈಟ್ ಹಾರ್ಟ್ ಲೇನ್ ಮೈದಾನದ ಮುಂದೆಯೇ ಹೋಗುತ್ತದೆ. ಮ್ಯಾಚ್ ಇದ್ದ ದಿನ ಬಸ್ಸು ನಿಂತಲ್ಲೇ ನಿಲ್ಲುತ್ತಿತ್ತು. ಈ ಕ್ಲಬ್ಬಿನ ಪರಿಚಯ ನನಗಾಗಿದ್ದು ಬೈಗುಳದಿಂದ.

2008ರ ಫೆಬ್ರವರಿ 24ರಂದು ಮಳೆಗೆ ಹೆದರಿ ಒಂದು ಪಬ್ಬಿಗೆ ನುಗ್ಗಿದೆ. ಟಿವಿಯಲ್ಲಿ ಲೀಗ್ ಕಪ್ ಫೈನಲ್. ಚೆಲ್ಸಿ ಮೇಲೆ ಟೊಟೆನ್‌ಹ್ಯಾಮಿನ ಬರ್ಬಟೋವ್ ಪೆನಾಲ್ಟಿ ಹೊಡೆದ, ಎಕ್ಸ್‌ಟ್ರಾ ಟೈಮಿನಲ್ಲಿ ವುಡ್‌ಗೇಟ್ ತಲೆಗೆ ತಾಗಿದ ಚೆಂಡು ಒಳಗೆ ಹೋಯಿತು, 2-1. ಪಬ್ಬಿನಲ್ಲಿ ಯಾರೋ ಅಪರಿಚಿತ ನನ್ನನ್ನು ಎತ್ತಿ ಕುಣಿಸಿದ. ಓಹೋ, ಇದು ಕಪ್ ಗೆಲ್ಲೋ ಟೀಮು ಅಂದುಕೊಂಡೆ. ಮುಂದಿನ ಕಪ್ಪಿಗೆ 17 ವರ್ಷ ಕಾದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಆರ್‌ಸಿಬಿ ಶುರುವಾಯಿತು, ಅದನ್ನೂ ಹಿಡಿದುಕೊಂಡೆ. ನನ್ನ ಆಯ್ಕೆ ಹೇಗಿದೆ ನೋಡಿ!

ಭಟ್ರು ಸಿಕ್ಕಿದ್ದು ಕನ್ನಡ ಬಳಗದ ಒಂದು ಯುಗಾದಿ ಊಟದಲ್ಲಿ. ಪುತ್ತೂರಿನವರು, ನನಗಿಂತ ಎಂಟು ವರ್ಷ ದೊಡ್ಡವರು, ಕಟ್ಟಡದ ಕೆಲಸದಲ್ಲಿ ಲೆಕ್ಕ ಹಾಕುವ ಉದ್ಯೋಗ. ಎಷ್ಟು ಕಬ್ಬಿಣ, ಎಷ್ಟು ಕಾಂಕ್ರೀಟು, ಎಷ್ಟು ದುಡ್ಡು, ಅದು. ಅವರೂ ಸ್ಪರ್ಸ್, ಅಂದರೆ ಟೊಟೆನ್‌ಹ್ಯಾಮ್ ಕಡೆಯವರು ಅಂತ ಗೊತ್ತಾದ ಮೇಲೆ ಪಾಯಸ ತಣ್ಣಗಾಗುವವರೆಗೆ ಮಾತಾಡಿದೆವು. ಇಬ್ಬರೂ ಸೀಸನ್ ಟಿಕೆಟ್ಟಿನ, ಅಂದರೆ ವರ್ಷವಿಡೀ ಒಂದೇ ಸೀಟು ಕೊಡುವ ಟಿಕೆಟ್ಟಿನ ಸರದಿಯಲ್ಲಿ ಹೆಸರು ಬರೆಸಿದೆವು. ಹಳೆಯ ಮೈದಾನದಲ್ಲಿ 36,000 ಜನಕ್ಕಷ್ಟೇ ಜಾಗ, ಆ ಸರದಿ ಮುಂದೆ ಹೋಗುತ್ತಲೇ ಇರಲಿಲ್ಲ. ಅಪ್ಪನ ಸೀಟು ಮಗನಿಗೆ, ಮಗನದ್ದು ಮೊಮ್ಮಗನಿಗೆ. ಹೊಸ ಸ್ಟೇಡಿಯಂ ಬಂದು ಜಾಗ 62,850 ಆಯಿತು ನೋಡಿ, ಆಗ ನಮ್ಮ ಸರದಿ ಬಂತು. ಪಕ್ಕಪಕ್ಕ ಎರಡು ಸೀಟು. ಅಂದರೆ ನನಗೆ ಕೂರೋಕೆ ಜಾಗ ಮಾಡಿಕೊಟ್ಟಿದ್ದೇ ಲೆವಿ. ಇದು ಆಗ ನನ್ನ ತಲೆಗೆ ಹೋಗಲಿಲ್ಲ.

2019ರ ಏಪ್ರಿಲ್ 3, ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಮೊದಲ ಮ್ಯಾಚು. ನಮ್ಮ ಆಟಗಾರ ಸನ್ ಹೊಡೆದಿದ್ದು ಅಲ್ಲಿನ ಮೊದಲ ಗೋಲು. ನಾನು ಗೋಲಿಗೆ ಕಿರುಚುತ್ತಿದ್ದರೆ ಭಟ್ರು ಮೇಲೆ ಚಾವಣಿ ನೋಡುತ್ತಿದ್ದರು. "ಈ ಕೆಲಸ ಯಾರು ಮಾಡ್ಸಿದ್ದು ಗೊತ್ತುಂಟಾ ಮಾರಾಯ್ರೆ? ಇದನ್ನು ಕಟ್ಟಲಿಕ್ಕೆ ಧೈರ್ಯ ಬೇಕು." ದಕ್ಷಿಣದ ಸ್ಟ್ಯಾಂಡ್ ಒಂದರಲ್ಲೇ 17,500 ಜನ. ಹುಲ್ಲಿನ ಮೈದಾನ ಮೂರು ತುಂಡಾಗಿ ಸ್ಟ್ಯಾಂಡಿನ ಕೆಳಗೆ ಜಾರಿಹೋಗುತ್ತದೆ, ಅಡಿಯಲ್ಲಿ ಅಮೆರಿಕನ್ ಫುಟ್‌ಬಾಲಿಗೆ ಇನ್ನೊಂದು ನೆಲ. ನೂರು ಕೋಟಿ ಪೌಂಡಿಗೂ ಮೀರಿದ ಖರ್ಚು. ಭಟ್ರು ಹಾಫ್‌ಟೈಮಿಗೆ ಕೋಡುಬಳೆ ತೆಗೆದು ಅರ್ಧ ನನಗೆ ಕೊಟ್ಟು, ಆ ಜಾರುವ ಮೈದಾನದ ಬಗ್ಗೆ ಪುರಾಣ ಹೇಳುತ್ತಿದ್ದರು. ಐದು ವರ್ಷ ಅದೇ ಪುರಾಣ.

ನನ್ನ ಜಗಳ ಬೇರೆ. ಸ್ಟೇಡಿಯಂ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಕೋಚ್ ಪೊಚೆಟ್ಟಿನೋ ಕೈಯಲ್ಲಿ ಒಂದು ಅದ್ಭುತ ಟೀಮ್ ಇತ್ತು. 2018ರ ಜನವರಿಯಲ್ಲಿ ಲೂಕಸ್ ಮೌರಾ ಬಂದ ಮೇಲೆ 2019ರ ಬೇಸಿಗೆವರೆಗೆ ಒಬ್ಬನೇ ಒಬ್ಬ ಹೊಸ ಆಟಗಾರ ಬರಲಿಲ್ಲ. ಹದಿನೇಳು ತಿಂಗಳು! ಹಾಗಿದ್ದೂ ಆ ಮೌರಾ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೂರು ಗೋಲು ಹೊಡೆದು, ಮೂರನೆಯದು 96ನೇ ನಿಮಿಷದಲ್ಲಿ, ನಮ್ಮನ್ನು ಚಾಂಪಿಯನ್ಸ್ ಲೀಗ್ ಫೈನಲ್ಲಿಗೆ ಎಳೆದುಕೊಂಡು ಹೋದ. ಮ್ಯಾಡ್ರಿಡ್‌ನಲ್ಲಿ ಲಿವರ್‌ಪೂಲ್ ಎದುರು 2-0 ಸೋತೆವು. ನವೆಂಬರ್ ಬರುವಷ್ಟರಲ್ಲಿ ಪೊಚೆಟ್ಟಿನೋ ಕೆಲಸವೂ ಹೋಯಿತು, ಜಾಗಕ್ಕೆ ಮೊರಿನ್ಯೊ. ಕಪ್ ಗೆಲ್ಲಿಸ್ತಾನೆ ಅಂತ ಕರೆತಂದವನನ್ನು 2021ರಲ್ಲಿ ಲೀಗ್ ಕಪ್ ಫೈನಲ್ಲಿಗೆ ಆರು ದಿನ ಇರುವಾಗ ತೆಗೆದರು. ಮದುವೆ ವಾರದಲ್ಲಿ ಅಡುಗೆಯವನನ್ನು ಓಡಿಸಿದ ಹಾಗೆ. ಫೈನಲ್ ಸೋತೆವು, ಸೋಲದೆ ಇನ್ನೇನು?

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ. ನಾನು ಭಟ್ರಿಗೆ ಹೇಳುತ್ತಿದ್ದೆ, ನಿಮ್ಮ ಲೆವಿ ಮನೆ ಕಟ್ಟಿದರು ಸ್ವಾಮಿ, ಒಪ್ಪಿದೆ, ಆದರೆ ಆ ಮನೆಯಲ್ಲಿ ಒಂದು ಮದುವೆ ಮಾಡಲಿಲ್ಲ. ವಾಲಗ ಕೇಳಿಸಲಿಲ್ಲ. ಬಂದ ದುಡ್ಡೆಲ್ಲ ಗೋಡೆಗೆ. 2023-24ರಲ್ಲಿ ಕ್ಲಬ್ಬಿನ ಆದಾಯ 52.8 ಕೋಟಿ ಪೌಂಡು, ಸಂಬಳಕ್ಕೆ ಹೋಗಿದ್ದು ಅದರ 42%ರಷ್ಟು. ದೊಡ್ಡ ಕ್ಲಬ್ಬುಗಳು ಇಷ್ಟು ಬಿಗಿಯಾಗಿ ಗಂಟು ಕಟ್ಟುವುದಿಲ್ಲ. ಭಟ್ರು ಬಿಡುತ್ತಿರಲಿಲ್ಲ. "ಸಾಲ ಮಾಡಿ ಮದುವೆ ಮಾಡಿದವರ ಮನೆ ಎಷ್ಟು ಹರಾಜಾಗ್ಲಿಲ್ಲ? ಲೀಡ್ಸ್ ಕಥೆ ಎಂತ ಆಯ್ತು?" ಲೀಡ್ಸ್ 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿ, 2004ರಲ್ಲಿ ಸಾಲದಲ್ಲಿ ಮುಳುಗಿ ಕೆಳಗಿನ ಲೀಗಿಗೆ ಇಳಿದ ಟೀಮು. ಅದು ಬಂದರೆ ನನ್ನ ಬಾಯಿ ಮುಚ್ಚುತ್ತಿತ್ತು. ಆಗ ನಾನು ಸ್ಟ್ರಾಟ್‌ಫರ್ಡ್ ತೆಗೆಯುತ್ತಿದ್ದೆ. 2011ರಲ್ಲಿ ಇದೇ ಲೆವಿ ಕ್ಲಬ್ಬನ್ನು ಟೊಟೆನ್‌ಹ್ಯಾಮಿನಿಂದಲೇ ಎತ್ತಿಕೊಂಡು ಸ್ಟ್ರಾಟ್‌ಫರ್ಡಿನ ಒಲಿಂಪಿಕ್ ಪಾರ್ಕಿಗೆ ಹೋಗಲು ಅರ್ಜಿ ಹಾಕಿದ್ದರು. ಅದು ವೆಸ್ಟ್ ಹ್ಯಾಮ್ ಕ್ಲಬ್ಬಿನ ಪಾಲಾಯಿತು, ಇಲ್ಲದಿದ್ದರೆ ಭಟ್ರು ಹೊಗಳುವ ಈ ಚಾವಣಿ ಈ ಬೀದಿಯಲ್ಲಿ ಇರುತ್ತಲೇ ಇರಲಿಲ್ಲ. ಇನ್ನು 2020ರ ಕೊರೊನಾ ಹೊತ್ತು. 550 ಜನ ಸಿಬ್ಬಂದಿಯ ಸಂಬಳದಲ್ಲಿ 20% ಕಡಿತ ಅಂತ ಹೇಳಿದರು, ಅದೇ ಹೊತ್ತಿಗೆ ಹೊರಬಂದ ಲೆಕ್ಕದಲ್ಲಿ ಲೆವಿಗೆ ಸ್ಟೇಡಿಯಂ ಮುಗಿಸಿದ ಬೋನಸ್ಸು 30 ಲಕ್ಷ ಪೌಂಡು. ಅಭಿಮಾನಿಗಳು ಉಗಿದ ಮೇಲೆ ಎರಡು ವಾರದಲ್ಲಿ ಹಿಂದೆ ಸರಿದರು. ಇದಕ್ಕೆ ಮಾತ್ರ ಭಟ್ರ ಹತ್ತಿರ ಉತ್ತರ ಇರಲಿಲ್ಲ. "ಅದು ತಪ್ಪು, ಹೌದು" ಅಂತ ಕೋಡುಬಳೆ ಮುರಿದರು.

ಹೀಗೆ ನಡೆಯುತ್ತಿತ್ತು, ಚೆನ್ನಾಗಿತ್ತು. ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಬೇಜಾರಾದರೆ ಓದಬೇಡಿ, ಆದರೆ ನೀವು ಈಗ ನಿಂತಿರುವುದು ಅದೇ ಮೆಟ್ಟಿಲ ಮೇಲೆ.

2023ರ ಆಗಸ್ಟ್‌ನಲ್ಲಿ ಹ್ಯಾರಿ ಕೇನ್ ಜರ್ಮನಿಯ ಕ್ಲಬ್ಬು ಬಯರ್ನ್‌ಗೆ ಹೋದ. ನಮಗೆ 280 ಗೋಲು ಹೊಡೆದ ಮನುಷ್ಯ, ಒಂದು ಕಪ್ಪೂ ಇಲ್ಲದೆ ಹೋದ. ಅಲ್ಲಿಂದಲೇ ನನ್ನ ತಲೆ ಬಿಸಿ. 2024ರ ಮಾರ್ಚ್‌ನಲ್ಲಿ ಸೀಸನ್ ಟಿಕೆಟ್ 6% ಜಾಸ್ತಿ ಅಂದರು, ವಯಸ್ಸಾದವರಿಗಿದ್ದ ರಿಯಾಯಿತಿಯನ್ನು ಹೊಸಬರಿಗೆ ಕೊಡುವುದಿಲ್ಲ, ಇದ್ದವರಿಗೂ ಇಳಿಸುತ್ತೇವೆ ಅಂದರು. ಸ್ಟ್ಯಾಂಡಿನಲ್ಲಿ ಬ್ಯಾನರು ಎದ್ದವು, ಲೆವಿ ಔಟ್ ಹಾಡು ಜೋರಾಯಿತು, ನಾನೂ ಗಂಟಲು ಹರಿದುಕೊಂಡೆ. ಪಕ್ಕದಲ್ಲಿ ಭಟ್ರು ಸುಮ್ಮನೆ ಕೂತಿದ್ದರು. ಅವರು ಹಾಡದಿದ್ದದ್ದು ನನಗೆ ದ್ರೋಹದ ಹಾಗೆ ಕಂಡಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದೆ, "ನಿಮ್ಮಂಥವರು ದುಡ್ಡು ಕಟ್ಟುತ್ತಲೇ ಇರೋದಕ್ಕೆ ಅವನು ಹೀಗೆ ಆಡೋದು." ಅವರು ಕಿಟಕಿ ನೋಡುತ್ತಾ, "ನೀವೂ ಕಟ್ಟುವವರೇ ಅಲ್ವಾ" ಅಂದರು. ಅಷ್ಟೇ. ಅಷ್ಟಕ್ಕೆ ನಾನು ಆ ವರ್ಷದ ಟಿಕೆಟ್ ಕಟ್ಟಲಿಲ್ಲ.

ನನ್ನ ಯೋಚನೆ ಏನಿತ್ತು ಅಂದರೆ, ನನ್ನ ದುಡ್ಡು ನಿಂತರೆ ಲೆವಿಗೆ ಬಿಸಿ ತಟ್ಟುತ್ತದೆ. ಲೆಕ್ಕ ಹಾಕಿ ನೋಡಿ. ನನ್ನ ಟಿಕೆಟ್ಟು ಸುಮಾರು ಸಾವಿರ ಪೌಂಡು. ಕ್ಲಬ್ಬಿನ ಆದಾಯ ಆಗಲೇ ಹೇಳಿದ 52.8 ಕೋಟಿ. ಅಂದರೆ ಐದು ಲಕ್ಷ ರೂಪಾಯಿ ಸಂಪಾದಿಸುವವನ ಜೇಬಿನಿಂದ ಒಂದು ರೂಪಾಯಿ ಬಿದ್ದಂತೆ. ಅದೂ ಬೀಳಲಿಲ್ಲ ಅನ್ನೋದು ತಮಾಷೆ. ಯಾಕೆಂದರೆ ನನ್ನ ಹಿಂದೆ ಸರದಿಯಲ್ಲಿ ಸಾವಿರಾರು ಜನ ನಿಂತಿದ್ದರು, ನಾನು ಹತ್ತು ವರ್ಷ ನಿಂತಿದ್ದ ಹಾಗೆ. ನಾನು ಎದ್ದ ಸೀಟಿಗೆ ಅದೇ ದುಡ್ಡು, ಅಲ್ಲ, 6% ಜಾಸ್ತಿ ದುಡ್ಡು ಕೊಟ್ಟು ಇನ್ನೊಬ್ಬ ಬಂದು ಕೂತ. ಲೆವಿಗೆ ನನ್ನಿಂದ ನಷ್ಟ ಸೊನ್ನೆ. ನನ್ನ ಸಿಟ್ಟಿನಿಂದ ಕ್ಲಬ್ಬಿಗೆ ಲಾಭ ಬಂತು ಅಂತಲೇ ಹೇಳಬೇಕು.

ಇನ್ನೊಂದು ಇದೆ. ಒಳಗಿದ್ದಾಗ ನನ್ನ ಕೂಗು ಆ ಮನುಷ್ಯನ ಕಿವಿಗೆ ಬೀಳುತ್ತಿತ್ತು. ಚೇರ್ಮನ್ ಕೂರುವ ಜಾಗಕ್ಕೂ ನಮ್ಮ ಸ್ಟ್ಯಾಂಡಿಗೂ ಮಧ್ಯೆ ಗೋಡೆ ಇರಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕೂಗು ಕೇಳಿಸುತ್ತಿದ್ದದ್ದು ಹೆಂಡತಿಗೆ. ಅವಳು ಟಿವಿ ಸೌಂಡು ಕಡಿಮೆ ಮಾಡಿ ಅನ್ನುತ್ತಿದ್ದಳು. ಗಂಡನ ಮೇಲಿನ ಸಿಟ್ಟಿಗೆ ಊಟ ಬಿಡುವುದುಂಟು, ಒಪ್ಪುತ್ತೇನೆ, ಗಂಡ ಹೊಟ್ಟೆ ನೋಡಿ ಕರಗುತ್ತಾನೆ. ಯಾರೂ ನೋಡದ ಕಡೆ ಉಪವಾಸ ಕೂತರೆ ಏನು ಬಂತು? ನಾನು ಮಾಡಿದ್ದು ಅದು. ಕ್ಲಬ್ ಬೇರೆ, ಚೇರ್ಮನ್ ಬೇರೆ ಅಂತ ಎಲ್ಲರಿಗೂ ಭಾಷಣ ಮಾಡುತ್ತಿದ್ದ ನಾನೇ ಚೇರ್ಮನ್ ಮೇಲಿನ ಸಿಟ್ಟಿಗೆ ಕ್ಲಬ್ಬನ್ನು ಬಿಟ್ಟೆ. ಭಟ್ರು ಮಾತ್ರ ಬೇರೆ ಮಾಡಿ ನೋಡಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ.

ನನ್ನ ಸೀಟಿಗೆ ಬಂದವನು ಎನ್‌ಫೀಲ್ಡ್ ಕಡೆಯ ಪ್ಲಂಬರ್. ಅರವತ್ತು ದಾಟಿದ ವಯಸ್ಸು. ಇದು ಗೊತ್ತಾಗಿದ್ದು ಭಟ್ರ ಹೆಂಡತಿಯಿಂದ. ಭಟ್ರೂ ನಾನೂ ಆಗ ಮಾತು ಬಿಟ್ಟಿದ್ದೆವು, ಜಗಳ ಅಂತ ಅಲ್ಲ, ಸುಮ್ನೆ ಫೋನು ನಿಂತಿತ್ತು. ಕೋಡುಬಳೆ ಅವನಿಗೆ ತುಂಬಾ ಇಷ್ಟವಂತೆ. ನನಗೆ ಕೇನ್ ಹೋದಾಗಲೂ ಅಷ್ಟು ಉರಿದಿರಲಿಲ್ಲ.

ಆ 2024-25ರ ಸೀಸನ್ ನಿಮಗೆ ಗೊತ್ತೇ ಇದೆ. ಲೀಗಿನಲ್ಲಿ 22 ಸೋಲು, 38 ಪಾಯಿಂಟು, 17ನೇ ಜಾಗ, ಇನ್ನೊಂದು ಮೆಟ್ಟಿಲು ಜಾರಿದ್ದರೆ ಕೆಳಗಿನ ಲೀಗಿಗೆ. ನಾನು ಮನೆಯಲ್ಲಿ ಕೂತು, ನೋಡಿದ್ರಾ, ನಾನು ಬಿಟ್ಟಿದ್ದೇ ಒಳ್ಳೆಯದಾಯಿತು ಅಂದುಕೊಂಡೆ. ಅದೇ ಸೀಸನ್ನಿನಲ್ಲಿ ಯುರೋಪಾ ಲೀಗ್ ಫೈನಲ್ಲಿಗೆ ಬಂದುಬಿಟ್ಟರು. ಮೇ 21, ಬಿಲ್ಬಾವೊ. ಕ್ಲಬ್ಬಿಗೆ ಸಿಕ್ಕಿದ್ದು 15,000 ಟಿಕೆಟ್. ಸೀಸನ್ ಟಿಕೆಟ್ ಇದ್ದು, ವರ್ಷ ವರ್ಷ ಮ್ಯಾಚಿಗೆ ಹೋಗಿ ಪಾಯಿಂಟ್ ಕೂಡಿಸಿದವರಿಗೆ ಮೊದಲು. ಭಟ್ರಿಗೆ ಸಿಕ್ಕಿತು. ಪ್ಲಂಬರಿಗೂ ಹೇಗೋ ಸಿಕ್ಕಿತು. ಕಾಯುವಿಕೆಯೆಲ್ಲ ನಂದು, ಹೋಗಿದ್ದು ಅವನು.

ನಾನು ಸೋಫಾದಲ್ಲಿ. ಬ್ರೆನ್ನನ್ ಜಾನ್ಸನ್ ಹೊಡೆದ ಆ ಗೋಲು, ಅದನ್ನು ಹೊಡೆದ ಅನ್ನಬೇಕಾ ತಾಗಿತು ಅನ್ನಬೇಕಾ, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 1-0. ಕೊನೆಯ ವಿಸಲ್ ಆದಾಗ ನಾನು ಅತ್ತೆ. ಮಗಳು ಹೆದರಿ ಅಮ್ಮನನ್ನು ಕರೆದಳು. ಹತ್ತು ನಿಮಿಷಕ್ಕೆ ಭಟ್ರ ವಿಡಿಯೋ ಕಾಲ್. ಒಂದು ವರ್ಷದ ಮೇಲೆ ಮೊದಲ ಫೋನು. ಏನೂ ಕೇಳಿಸುತ್ತಿಲ್ಲ, ಬರೀ ಗಲಾಟೆ, ಅವರ ಮೂಗು, ಅವರ ಹಿಂದೆ ಕೆಂಪು ಮುಖದ ಒಬ್ಬ ಮುದುಕ ಎರಡೂ ಕೈ ಎತ್ತಿ ಕುಣಿಯುತ್ತಿದ್ದಾನೆ. ಭಟ್ರು ಅವನ ಕಡೆ ಬೆರಳು ತೋರಿಸಿ ಏನೋ ಕೂಗಿದರು. ಆಮೇಲೆ ಮೆಸೇಜು ಬಂತು: "ಇವರೇ ನಿಮ್ಮ ಸೀಟು."

ಮೆರವಣಿಗೆ ಎರಡು ದಿನದ ಮೇಲೆ ಎಡ್ಮಂಟನ್ನಿನಿಂದಲೇ ಹೊರಟಿತು. ನಮ್ಮ ಮನೆಗೆ ನಡೆದು ಹೋಗುವಷ್ಟು ದೂರ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಫೋರ್ ಸ್ಟ್ರೀಟಿನಲ್ಲಿ ನಿಂತೆ, ಸನ್ ಕಪ್ ಎತ್ತಿ ಹೋದ, ಖುಷಿಯಾಯಿತು. ಆದರೆ ಬೇರೆಯವರ ಮನೆ ಮದುವೆಗೆ ರಸ್ತೆಯಲ್ಲಿ ನಿಂತು ಕೈ ಬೀಸಿದ ಹಾಗೂ ಇತ್ತು. ಜೂನ್ 3ಕ್ಕೆ ಆರ್‌ಸಿಬಿಯೂ ಗೆದ್ದಿತು, 18ನೇ ಸೀಸನ್ನಿನಲ್ಲಿ. ಎರಡು ವಾರದೊಳಗೆ ಎರಡು ಕಪ್. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು, ಆ ಮೇಲೆ ಕಪ್ಪಿನ ಮಾತಾಡಲು ನಾಲಿಗೆ ಏಳಲಿಲ್ಲ.

ಕಪ್ ಗೆಲ್ಲಿಸಿದ ಕೋಚ್ ಪೋಸ್ಟೆಕಾಗ್ಲುವನ್ನು ಹದಿನಾರು ದಿನಕ್ಕೆ ತೆಗೆದರು, ಅದೂ ನಮ್ಮ ಕ್ಲಬ್ಬಿನ ಪದ್ಧತಿ. ಸೆಪ್ಟೆಂಬರ್ 4ಕ್ಕೆ ಲೆವಿಯೇ ಹೋದರು. ಅವತ್ತು ಸಂಜೆ ಭಟ್ರು ಫೋನ್ ಮಾಡಿ, "ಹೋದರಂತೆ ನಿಮ್ಮವರು" ಅಂದರು. ನನ್ನವರು! 24 ವರ್ಷದಲ್ಲಿ ಅವರನ್ನು ಅತಿ ಹೆಚ್ಚು ನೆನೆಸಿಕೊಂಡವನು ನಾನೇ ಅಂತೆ, ದಿನಾ ಬೆಳಿಗ್ಗೆ ಸಹಸ್ರನಾಮ ಹೇಳಿದ ಹಾಗೆ. ನಗು ಬಂತು. ನಾನು ಏಳೆಂಟು ವರ್ಷದಿಂದ ಕಾಯುತ್ತಿದ್ದ ಸುದ್ದಿ, ಬಂದಾಗ ಎದೆಯಲ್ಲಿ ಏನೂ ಆಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ಒಳ್ಳೆಯವನಾ ಕೆಟ್ಟವನಾ ಅನ್ನುವ ಪ್ರಶ್ನೆಯೇ ಸರಿ ಇಲ್ಲ, ಕ್ಷಮಿಸಿ. ಸ್ಟೇಡಿಯಂ, 2012ರಲ್ಲಿ ಎನ್‌ಫೀಲ್ಡಿನಲ್ಲಿ ಶುರುವಾದ ಟ್ರೈನಿಂಗ್ ಮೈದಾನ, ಯುರೋಪಿನಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಆಟ, ಇದು ಒಂದು ಕಡೆ. 24 ವರ್ಷಕ್ಕೆ ಎರಡೇ ಕಪ್ಪು, ಕೋಚುಗಳ ಸಂತೆ, 2021ರಲ್ಲಿ ದೊಡ್ಡ ಕ್ಲಬ್ಬುಗಳದ್ದೇ ಬೇರೆ ಸೂಪರ್ ಲೀಗ್ ಮಾಡಲು ಹೋಗಿ ಹಿಂದೆ ಸರಿದ ಮುಜುಗರ, ಇದು ಇನ್ನೊಂದು ಕಡೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಲು ಆಗುವುದಿಲ್ಲ. ಇಟ್ಟಿಗೆಯನ್ನು ಕಿಲೋದಲ್ಲಿ ತೂಗಬಹುದು, ವಾಲಗದ ಸದ್ದನ್ನು ಯಾವುದರಲ್ಲಿ ತೂಗುತ್ತೀರಿ? ನಿಮ್ಮ ಗೆಳೆಯ ಇಟ್ಟಿಗೆ ನೋಡುತ್ತಿದ್ದಾನೆ, ನೀವು ವಾಲಗ ಕೇಳುತ್ತಿದ್ದೀರಿ. ಇಬ್ಬರೂ ಹೇಳುತ್ತಿರುವುದು ನಿಜವೇ, ಅದಕ್ಕೇ ಈ ಜಗಳ ಮುಗಿಯುವುದಿಲ್ಲ. ನನ್ನನ್ನು ಕೇಳಿದರೆ 2018ರ ಆ ಹದಿನೇಳು ತಿಂಗಳನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ. ಸೀಟಿಗೆ ಕೂತಾಗಲೆಲ್ಲ ಥ್ಯಾಂಕ್ಸ್ ಅನ್ನಲೂ ಬೇಕಿತ್ತು.

ಲಾಡು ಹಂಚಿದ್ದು ಮಾತ್ರ ದಡ್ಡತನ. ಯಾರಿಗೆ ಹಂಚಿದಿರಿ? ಮಾಲೀಕರು ಅದೇ ಎನಿಕ್ ಕಂಪನಿ, ಅದರಲ್ಲಿ ಹೆಚ್ಚು ಪಾಲು ಅದೇ ಲೂಯಿಸ್ ಕುಟುಂಬದ ಟ್ರಸ್ಟಿನದು, ಲೆವಿ ಕುಟುಂಬಕ್ಕೂ 30%ರ ಹತ್ತಿರ ಪಾಲು ಇದ್ದೇ ಇದೆ. ಚೇರ್ಮನ್ ಕುರ್ಚಿಗೆ ಪೀಟರ್ ಚಾರಿಂಗ್‌ಟನ್ ಬಂದರು, ಅಷ್ಟೇ. ನಿಮ್ಮ ಹಾಡಿಗೆ ಹೆದರಿ ಹೋದರು ಅಂದುಕೊಂಡಿದ್ದರೆ ಅದನ್ನೂ ಬಿಡಿ. ಮಾಲೀಕರ ಮನೆಯಲ್ಲೇ ತೀರ್ಮಾನ ಆಯಿತು ಅಂತ ಇಲ್ಲಿನ ಪತ್ರಿಕೆಗಳೆಲ್ಲ ಬರೆದವು. ಇನ್ನು ಎರಡು ವರ್ಷಕ್ಕೆ ಟೀಮ್ ಸೋತರೆ ಇದೇ ಜನ, ಅಯ್ಯೋ ಲೆವಿ ಇದ್ದಾಗ ಹೀಗಿರಲಿಲ್ಲ ಅಂತಾರೆ ನೋಡುತ್ತಿರಿ, ಅವರಲ್ಲಿ ನಾನೂ ಇರಬಹುದು.

ಗೆಳೆಯನಿಗೆ ಇವತ್ತೇ ಫೋನ್ ಮಾಡಿ. ಮೆಸೇಜ್ ಬೇಡ, ಫೋನು. ಯಾರು ಸರಿ ಅಂತ ಹೇಳಬೇಡಿ, ಶನಿವಾರದ ಮ್ಯಾಚ್ ಎಲ್ಲಿ ನೋಡ್ತೀಯ ಅಂತ ಕೇಳಿ. ನಾನು ಇದನ್ನು ಮಾಡದೆ ಒಂದು ವರ್ಷ ಕಳೆದೆ.

ನಾನೀಗ ಮತ್ತೆ ಸರದಿಯಲ್ಲಿದ್ದೇನೆ, ಕಟ್ಟಕಡೆಯಲ್ಲಿ. ನನ್ನ ಸರದಿ ಬರುವಾಗ ಮಗಳು ಕಾಲೇಜು ಮುಗಿಸಿರುತ್ತಾಳೆ. ಆದರೆ ಡಿಸೆಂಬರಿನಲ್ಲಿ ಭಟ್ರು ಒಂದು ತಿಂಗಳು ಪುತ್ತೂರಿಗೆ ಹೋಗುತ್ತಿದ್ದಾರೆ, ಅಷ್ಟು ದಿನ ಅವರ ಟಿಕೆಟ್ಟು ನನ್ನ ಹೆಸರಿಗೆ ಹಾಕಿ ಹೋಗುತ್ತಾರಂತೆ. ಅವರ ಸೀಟಿನಲ್ಲಿ ನಾನು, ನನ್ನ ಸೀಟಿನಲ್ಲಿ ಪ್ಲಂಬರ್. ಕೋಡುಬಳೆ ತರುವುದು ಈ ಸಲ ನನ್ನ ಜವಾಬ್ದಾರಿ, ಖಾರ ಸ್ವಲ್ಪ ಕಡಿಮೆ ಇರಲಿ ಅಂತ ಆಗಲೇ ಸಂದೇಶ ಬಂದಿದೆ.